ಮುಟ್ಟಿನ ಬ್ಯಾನಿ, ಮನಸ್ಸಿನ ಆರೈಕೆ: ತಡವಾಗಿ ಕೂಡಿದ ದಾರಿಗಳು

ಬಾಗಲಕೋಟೆ, ವಿಜಯಪುರದ ಕಡೆ ಮುಟ್ಟಿನ ಹೊಟ್ಟೆಬ್ಯಾನಿಗೆ ಸಿಗುವ ಮೊದಲ ಸಲಹೆ ‘ಮದುವ್ಯಾದ್ರ ಹೋಗತೈತಿ’. ಆಮೇಲೆ ‘ಒಂದು ಕೂಸಾದ್ರ ಹೋಗತೈತಿ’. ಕೊನೆಗೆ ‘ಗರ್ಭಚೀಲ ತೆಗಿಸಿಬಿಡು’. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ ಮನಸ್ಸಿನ ಮಾತು ಬರುತ್ತದೆ, ಅದೂ ಆರೋಪದ ಧಾಟಿಯಲ್ಲಿ.

ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯ, ಕಿಬ್ಬೊಟ್ಟೆಯ ಪೊರೆ, ಕರುಳಿನ ಮೇಲೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್, ಇಂಥ ಬ್ಯಾನಿಗೆ ಒಂದು ಕಾರಣ. 1860ರಲ್ಲಿ ವಿಯೆನ್ನಾದ ರೋಗವಿಜ್ಞಾನಿ ರೊಕಿಟಾನ್‌ಸ್ಕಿ ವಿವರಿಸಿದಂದಿನಿಂದ ಸುಮಾರು ನೂರು ವರ್ಷ ಚರ್ಚೆಯೆಲ್ಲ ಹೀಗೆ ಬೆಳೆದ ಗಡ್ಡೆಯದ್ದೇ. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್, ನೋವಿನ ಸಂಕೇತವನ್ನು ಬೆನ್ನುಹುರಿ ಹೆಚ್ಚು ಕಡಿಮೆ ಮಾಡಬಲ್ಲದು ಎಂದರು. ವರ್ಷಗಟ್ಟಲೆ ಕಾಡಿದ ನೋವು ನರಮಂಡಲವನ್ನೇ ಸೂಕ್ಷ್ಮವಾಗಿಸುತ್ತದೆ. ಗಡ್ಡೆ ತೆಗೆದರೂ ಕೆಲವರಿಗೆ ನೋವು ಉಳಿಯುವುದು ಹೀಗೆ. ಆಪ್ತಸಮಾಲೋಚನೆ ಬೇಕಾಗುವುದು ಇದಕ್ಕೆ, ನೋವು ಸುಳ್ಳೆಂದಲ್ಲ.

ಮನೋರೋಗದ ಆರೈಕೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ತಂದ ಬಳ್ಳಾರಿಯ ಪ್ರಯೋಗದಿಂದ ಹುಟ್ಟಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಬಂತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ 2014ರಲ್ಲಿ. ಸ್ತ್ರೀರೋಗದ ಹೊರರೋಗಿ ವಿಭಾಗದಿಂದ ಅಲ್ಲಿಗೆ ಚೀಟಿ ಬರೆಯುವುದು ಮಾತ್ರ ಇನ್ನೂ ಅಪರೂಪ.

ಇಂಥ ನೋವಿನ ಆಪ್ತಸಮಾಲೋಚನೆ ಬರೀ ‘ಧೈರ್ಯ ತಗೋರಿ’ ಎನ್ನುವುದಲ್ಲ. ಮೊದಲು ಎರಡು ತಿಂಗಳ ನೋವಿನ ಲೆಕ್ಕ: ದಿನಾಂಕ, 0ರಿಂದ 10ರ ಅಂಕ, ನಿದ್ದೆ, ಗುಳಿಗೆ, ಅಂದಿನ ಕೆಲಸ. ಓದುಬರಹ ಬಾರದವರು ಕ್ಯಾಲೆಂಡರಿನಲ್ಲಿ ಚುಕ್ಕೆ ಇಟ್ಟರೂ ಸಾಕು. ನಂತರ ಕೆಲಸದ ಅಳತೆ. ಇಳಕಲ್ಲಿನ ಮಗ್ಗದ ಮುಂದೆ 40 ನಿಮಿಷ ಕೂತರೆ ನೋವು ಏರುತ್ತದೆ ಎಂದಾದರೆ 30ಕ್ಕೇ ಏಳಬೇಕು, ನೋವು ಬರುವ ಮುಂಚೆಯೇ. ಈ ಅಳತೆ ಕೆಡುವುದು ನೋವು ಹಗುರಾದ ದಿನ: ಬಾಕಿ ಕೆಲಸವನ್ನೆಲ್ಲ ಅಂದೇ ಮುಗಿಸಹೋಗಿ ಮುಂದಿನ ಎರಡು ದಿನ ಹಾಸಿಗೆ ಹಿಡಿಯುವುದು. ರೊಟ್ಟಿ ಬಡಿಯಲು ಮನೆಯ ಇನ್ನೊಬ್ಬರು ಕೂಡದಿದ್ದರೆ ಈ ಅಳತೆ ಕಾಗದದ ಮೇಲೇ ಉಳಿಯುತ್ತದೆ. ಹಾಗಾಗಿ ಒಂದು ಭೇಟಿಗಾದರೂ ಗಂಡ, ಅತ್ತೆ ಬರಬೇಕು. ಆದರೆ ಮೊದಲ ಭೇಟಿ ಅವಳೊಬ್ಬಳದೇ. ಗಂಡನ ಜೊತೆ ಕೂಡುವಾಗಿನ ನೋವಿನ ಬಗ್ಗೆ ಅತ್ತೆಯ ಮುಂದೆ ಯಾರು ಬಾಯಿ ಬಿಡುತ್ತಾರೆ?

ಖಿನ್ನತೆ ಅಳೆಯಲು ಕೇಳುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ (PHQ-9) ನಿದ್ದೆ, ಸುಸ್ತು, ಹಸಿವಿನ ಅಂಕ ನೋವಿನಿಂದಲೇ ಏರಬಹುದು. ಮೊತ್ತವನ್ನಷ್ಟೇ ನೋಡಿ ಗುಳಿಗೆ ಬರೆಯಬಾರದು. ಸಾಯುವ ಯೋಚನೆ ಕುರಿತ ಒಂಬತ್ತನೆಯದನ್ನು ಬಿಡುವಂತಿಲ್ಲ. ಅದಕ್ಕೆ ಉತ್ತರ ‘ಹೌದು’ ಎಂದಾದರೆ ಮಂಗಳವಾರದವರೆಗೆ ಕಾಯದೆ ಅಂದೇ ಜಿಲ್ಲಾಸ್ಪತ್ರೆಗೆ ಕಳಿಸಬೇಕು. 2022ರಿಂದಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತದೆ, ರಾತ್ರಿಯೂ.