ರಬಾಬ್ ಮೇಲಿನ ನಿಷೇಧ: ತಾಲಿಬಾನ್‌ಗಿಂತ ಹಳೆಯ ಕಥೆ

ಹಿಪ್ಪುನೇರಳೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ರಾಮನಗರ, ಚಿಂತಾಮಣಿ ಕಡೆಯ ರೇಷ್ಮೆ ತೋಟಗಳು. ಸೊಪ್ಪಿಗಾಗಿ ಮತ್ತೆ ಮತ್ತೆ ಸವರುವುದರಿಂದ ಅಲ್ಲಿ ಅದು ಮರವಾಗುವುದೇ ಅಪರೂಪ. ಅಫ್ಘಾನಿಸ್ತಾನದಲ್ಲೂ ಪಾಕಿಸ್ತಾನದ ಖೈಬರ್ ಸೀಮೆಯಲ್ಲೂ ಅದು ದಪ್ಪ ಕಾಂಡದ ದೊಡ್ಡ ಮರ. ಹಣ್ಣನ್ನು ಒಣಗಿಸಿ ಚಳಿಗಾಲಕ್ಕೆ ಎತ್ತಿಡುತ್ತಾರೆ, ಕಾಂಡದಿಂದ ರಬಾಬ್ ಎಂಬ ತಂತಿವಾದ್ಯ ಕೆತ್ತುತ್ತಾರೆ. ಈ ಸೀಮೆಯ ಪಶ್ತೂನರ (ನಾವು ಪಠಾಣರೆನ್ನುವ ಜನ) ಹುಜ್ರಾ, ಅಂದರೆ ಊರಿನ ಗಂಡಸರು ಸೇರುವ, ಅತಿಥಿಗಳು ತಂಗುವ ಕೋಣೆ, ಈ ವಾದ್ಯವಿಲ್ಲದೆ ಪೂರ್ತಿಯಾಗುತ್ತಿರಲಿಲ್ಲ. ಅಂಥ ವಾದ್ಯವನ್ನು ಕಳೆದ ನಲವತ್ತು ವರ್ಷಗಳಲ್ಲಿ ಅದೇ ಜನ ಬಚ್ಚಿಡಬೇಕಾಗಿ ಬಂದಿದೆ. ಇದೆಲ್ಲ 1996ರಲ್ಲಿ ತಾಲಿಬಾನ್ ಕಾಬೂಲಿಗೆ ಬಂದ ಮೇಲೆ ಶುರುವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ.

ಮೊದಲು ವಾದ್ಯವನ್ನೇ ಹತ್ತಿರದಿಂದ ನೋಡೋಣ.

ಕಾಂಡವನ್ನು ಉದ್ದಕ್ಕೆ ಸೀಳಿ, ನಡುವಿನ ತಿರುಳಿನ ಭಾಗ ಬಿಟ್ಟು ದಿಮ್ಮಿ ಆರಿಸುತ್ತಾರೆ. ತಿರುಳು ಉಳಿದರೆ ಒಣಗುವಾಗ ಅಲ್ಲಿಂದಲೇ ಸೀಳು ಬಿಡುತ್ತದೆ. ದಿಮ್ಮಿ ನೆರಳಲ್ಲಿ ನಿಧಾನವಾಗಿ ಆರಬೇಕು. ಅವಸರಪಟ್ಟು ಹಸಿ ಮರದಲ್ಲಿ ಕೆತ್ತಿದರೆ ಆಮೇಲೆ ಕುತ್ತಿಗೆ ತಿರುಚಿಕೊಳ್ಳುತ್ತದೆ, ಬಿರಡೆಯ ತೂತುಗಳು ಅಂಡಾಕಾರವಾಗಿ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಹೊಟ್ಟೆ, ಎದೆ, ಕುತ್ತಿಗೆ ಮೂರನ್ನೂ ಒಂದೇ ದಿಮ್ಮಿಯಿಂದ ಕೆತ್ತಿ ದೋಣಿಯ ಹಾಗೆ ಒಳಗೆ ಟೊಳ್ಳು ಮಾಡುತ್ತಾರೆ. ತಲೆಯನ್ನು ಬೇರೆ ತುಂಡಿನಲ್ಲಿ ಮಾಡಿ ಕೂಡಿಸುವುದೂ ಉಂಟು. ಎದೆಗೂ ಕುತ್ತಿಗೆಗೂ ತೆಳು ಹಲಗೆಯ ಮುಚ್ಚಳ, ಹೊಟ್ಟೆಗೆ ಮೇಕೆಯ ಚರ್ಮ. ಚರ್ಮವನ್ನು ನೆನೆಸಿ, ಹಸಿಯಾಗಿರುವಾಗಲೇ ಎಳೆದು ಅಂಟಿಸಿ ಆರಲು ಬಿಡುತ್ತಾರೆ. ಅದರ ಮೇಲೆ ಕೊಂಬಿನ ಅಥವಾ ಎಲುಬಿನ ಕುದುರೆ ನಿಲ್ಲುತ್ತದೆ. ತಂತಿಯ ಕಂಪನವನ್ನು ಚರ್ಮಕ್ಕೆ ದಾಟಿಸುವುದು ಈ ಕುದುರೆಯೇ. ಕುದುರೆ ಎತ್ತರವಾದರೆ ತಂತಿ ಒತ್ತಲು ಬೆರಳು ನೋಯುತ್ತದೆ, ತಗ್ಗಾದರೆ ತಂತಿ ಮೆಟ್ಟಿಲಿಗೆ, ಅಂದರೆ ಕುತ್ತಿಗೆಯ ಮೇಲೆ ಸ್ವರದ ಜಾಗ ಗುರುತಿಸುವ ಅಡ್ಡ ಕಟ್ಟಿಗೆ, ತಗುಲಿ ಗಿರ್ರೆನ್ನುತ್ತದೆ.

ಮುಖ್ಯ ತಂತಿಗಳು ಮೂರು. ಮೊದಲು ಪ್ರಾಣಿಯ ಕರುಳಿನವು, ಈಗ ನೈಲಾನ್. ಅವುಗಳ ಜೊತೆಗೆ ಎರಡೋ ಮೂರೋ ಶ್ರುತಿ ತಂತಿ. ಕೆಳಗೆ, ಕುದುರೆಯ ತೂತುಗಳ ಮೂಲಕ ಹಾಯುವ ಹದಿಮೂರರಿಂದ ಹದಿನೈದು ಉಕ್ಕಿನ ತರಬ್ ತಂತಿಗಳು. ಇವನ್ನು ಸಾಮಾನ್ಯವಾಗಿ ನೇರವಾಗಿ ಮೀಟುವುದಿಲ್ಲ, ಮೇಲೆ ನುಡಿಸಿದ ಸ್ವರಕ್ಕೆ ತಾವಾಗಿಯೇ ಮಿಡಿಯುತ್ತವೆ. ಆದರೆ ಎಲ್ಲಕ್ಕಿಂತ ಗಿಡ್ಡ ತರಬ್ ತಂತಿಯನ್ನು ಕುದುರೆಯ ಮೇಲೆ ತುಸು ಎತ್ತರದಲ್ಲಿ ಕೂರಿಸಿರುತ್ತಾರೆ. ನುರಿತವರು ರಾಗದ ನಡುವೆ ಅದನ್ನೂ ಮೀಟಿ ತಾಳದ ಒಳಗೆ ಇನ್ನೊಂದು ತಾಳ ಹೆಣೆಯುತ್ತಾರೆ. ಇದಕ್ಕೆ ಪರಂದ್‌ಕಾರಿ ಎಂದು ಹೆಸರು.

ಕುತ್ತಿಗೆಗೆ ಕಟ್ಟಿದ ಮೆಟ್ಟಿಲುಗಳು ನಾಲ್ಕೇ. ಇಷ್ಟು ಕಡಿಮೆಯೇ ಎನಿಸಬಹುದು. ಲೆಕ್ಕ ಹಾಕಿದರೆ ಗುಟ್ಟು ತಿಳಿಯುತ್ತದೆ: ಮೂರು ತಂತಿಗಳನ್ನೂ ಒಂದರಿಂದ ಒಂದಕ್ಕೆ ಷಡ್ಜ-ಮಧ್ಯಮದ ಅಂತರದಲ್ಲಿ, ಅಂದರೆ ಐದು ಅರ್ಧಸ್ವರಗಳಷ್ಟು ದೂರದಲ್ಲಿ ಶ್ರುತಿ ಮಾಡುತ್ತಾರೆ. ಬಿಟ್ಟ ತಂತಿಯ ಒಂದು ಸ್ವರ, ಮೆಟ್ಟಿಲುಗಳ ನಾಲ್ಕು, ಒಟ್ಟು ಐದು. ಆರನೆಯದಕ್ಕೆ ಮುಂದಿನ ತಂತಿ ಸಿದ್ಧವಾಗಿರುತ್ತದೆ. ಮೂರು ತಂತಿಗೆ ಹದಿನೈದು ಸ್ವರಸ್ಥಾನ, ಒಂದು ಸ್ಥಾಯಿಗಿಂತ ಹೆಚ್ಚು. ಅದಕ್ಕೂ ಮೇಲೆ ಬೇಕೆಂದರೆ ಕೊನೆಯ ತಂತಿಯಲ್ಲಿ ಮೆಟ್ಟಿಲು ದಾಟಿ, ಕಿವಿಯನ್ನೇ ನಂಬಿ ಬೆರಳಿಡಬೇಕು.

ಹುಜ್ರಾದಲ್ಲಿ ರಬಾಬ್‌ನ ಜೊತೆಗಾರ ಮಂಗೈ, ನೀರಿನ ಮಣ್ಣಿನ ಕೊಡ. ಬಾಯಿಗೆ ರಬ್ಬರ್ ಹಾಳೆ ಬಿಗಿದು, ಒಂದು ಕೈಯಲ್ಲಿ ಬಾಯಿ, ಇನ್ನೊಂದರಲ್ಲಿ ಹೊಟ್ಟೆ ಬಡಿದು ತಾಳ ಹಾಕುತ್ತಾರೆ. ನಮ್ಮ ಘಟಂ ಕೇಳಿದವರಿಗೆ ಇದರ ನಾದ ಅಪರಿಚಿತವೆನಿಸುವುದಿಲ್ಲ. ಹಾಡುವುದು ಹೆಚ್ಚಾಗಿ ಟಪ್ಪಾ: ಎರಡೇ ಸಾಲು, ಮೊದಲನೆಯದರಲ್ಲಿ ಒಂಬತ್ತು ಅಕ್ಷರ, ಎರಡನೆಯದರಲ್ಲಿ ಹದಿಮೂರು. ಕವಿಯ ಹೆಸರಿಲ್ಲದ ಈ ದ್ವಿಪದಿಗಳಲ್ಲಿ ಬಹುಪಾಲು ಹೆಣ್ಣಿನ ದನಿಯಲ್ಲಿವೆ. ಹೆಂಗಸರು ಕಾಲಿಡದ ಕೋಣೆಯಲ್ಲಿ ಹೆಂಗಸರ ಮಾತು ರಬಾಬ್‌ನ ಜೊತೆ ಕೇಳಿಬರುತ್ತಿತ್ತು.

ಬಿರುಕು ಇರುವುದು ಇಲ್ಲಿಯೇ. ಈ ಸಮಾಜ ಸಂಗೀತಗಾರರನ್ನು ಎರಡು ಪಂಗಡ ಮಾಡಿ ನೋಡುತ್ತದೆ: ಶೌಕಿ, ಕಸಬಿ. ಎರಡು ಪದವೂ ಕನ್ನಡಕ್ಕೆ ಹೊಸತಲ್ಲ, ನಮ್ಮ ಶೋಕಿ, ಕಸುಬುಗಳ ಬೇರೂ ಅವೇ. ಜಮೀನುದಾರನ ಮಗ ತನ್ನ ಖುಷಿಗೆ ರಬಾಬ್ ನುಡಿಸಿದರೆ ಅವನು ಶೌಕಿ, ಅವನ ಮಾನಕ್ಕೆ ಕುಂದಿಲ್ಲ. ಅದೇ ವಾದ್ಯವನ್ನು ಮದುವೆಯಲ್ಲಿ ದುಡ್ಡಿಗೆ ನುಡಿಸುವವನು ಕಸಬಿ. ಪಶ್ತೋದಲ್ಲಿ ಅಂಥವನನ್ನು ಡಮ್ ಎನ್ನುತ್ತಾರೆ, ಮತ್ತು ಅದು ಬೈಗುಳವಾಗಿಯೂ ಬಳಕೆಯಲ್ಲಿದೆ. ಹಲವು ಕಡೆ ಕ್ಷೌರಿಕರ ಮನೆತನಗಳೇ ಡೋಲು, ಶಹನಾಯಿ ನುಡಿಸುವ ಕೆಲಸವನ್ನೂ ಹೊತ್ತಿದ್ದವು. ಅವರೊಡನೆ ಹೆಣ್ಣು ಕೊಟ್ಟು ತರುವ ಸಂಬಂಧ ಮೇಲಿನವರಿಗೆ ಇರಲಿಲ್ಲ. ನಾದ ಬೇಕು, ನುಡಿಸಿ ಬದುಕುವವನು ಬೇಡ ಎನ್ನುವ ಈ ಅಭ್ಯಾಸ ಯಾವ ಫತ್ವಾಕ್ಕಿಂತಲೂ ಹಳೆಯದು. ವಾದಕರ ಮೇಲೆ ಕೈ ಬಿದ್ದಾಗ ಅವರ ಪರ ನಿಲ್ಲುವ ಬಲವಾದ ಕುಲವೇ ಇರಲಿಲ್ಲ ಎಂಬುದು, ನನ್ನ ಮಟ್ಟಿಗೆ, ಮುಂದೆ ನಡೆದದ್ದಕ್ಕೆಲ್ಲ ಮೂಲ.

ದೊಡ್ಡ ಊರುಗಳಲ್ಲಿ ಸ್ಥಿತಿ ತುಸು ಬೇರೆ. 1860ರ ದಶಕದಲ್ಲಿ ಅಮೀರ್ ಶೇರ್ ಅಲಿ ಖಾನ್ ಭಾರತದಿಂದ ಗಾಯಕ ವಾದಕರನ್ನು ಕಾಬೂಲಿನ ಆಸ್ಥಾನಕ್ಕೆ ಕರೆಸಿಕೊಂಡ. ಅವರ ಸಂತತಿ ನೆಲೆಸಿದ ಖರಾಬಾತ್ ಬೀದಿಯಲ್ಲಿ ರಬಾಬ್ ಹಿಂದೂಸ್ತಾನಿ ರಾಗಗಳ ವಾದ್ಯವೂ ಆಯಿತು. ರೇಡಿಯೊ ಬಂದ ಮೇಲೆ ಕಸಬಿಗೆ ಸಂಬಳ ಸಿಕ್ಕಿತು, ಉಸ್ತಾದ್ ಎಂಬ ಬಿರುದಿಗೆ ಬೆಲೆ ಬಂತು. ರೇಡಿಯೊದ ವಾದ್ಯವೃಂದ ನಡೆಸಿದ ಉಸ್ತಾದ್ ಮೊಹಮ್ಮದ್ ಒಮರ್ 1974ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕಲಿಸಲು ಹೋದರು. ಅಲ್ಲಿಯ ಕಛೇರಿಯಲ್ಲಿ ಅವರಿಗೆ ತಬಲಾ ಸಾಥ್ ಕೊಟ್ಟವರು ಆಗ ಇಪ್ಪತ್ತಮೂರು ವಯಸ್ಸಿನ ಝಾಕಿರ್ ಹುಸೇನ್.

ಭಾರತದ ಕಡೆಗೆ ಈ ವಾದ್ಯ ಅದಕ್ಕೂ ಮುಂಚೆಯೇ ಬಂದಿತ್ತು. ರೋಹಿಲಖಂಡ, ಶಾಹಜಹಾನ್‌ಪುರಗಳಲ್ಲಿ ನೆಲೆನಿಂತ ಪಠಾಣ ಸೈನಿಕರು, ಕುದುರೆ ವ್ಯಾಪಾರಿಗಳು ತಂದ ರಬಾಬ್‌ಗೆ ಇಲ್ಲಿ ಮೆಟ್ಟಿಲು ಹೋಗಿ ಲೋಹದ ತಗಡು ಬಂತು, ಕರುಳಿನ ತಂತಿಯ ಜಾಗದಲ್ಲಿ ಲೋಹದ ತಂತಿ ಬಂತು. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ಎಳೆಯಲು ಅನುಕೂಲವಾದ ಆ ವಾದ್ಯವೇ ಸರೋದ್. ಮೈಸೂರಿನಲ್ಲಿ 2024ರಲ್ಲಿ ತೀರಿಕೊಂಡ ರಾಜೀವ ತಾರಾನಾಥರ ಸರೋದ್ ಕೇಳಿದವರು ಈ ಹಿಪ್ಪುನೇರಳೆ ಮರದ ಮೊಮ್ಮಗಳನ್ನು ಕೇಳಿದ್ದಾರೆ.

ಇನ್ನು ನಿಷೇಧಗಳ ಸರಣಿ. 1979ರ ಸೋವಿಯತ್ ದಾಳಿಯ ನಂತರ ಲಕ್ಷಾಂತರ ಜನ ಪಾಕಿಸ್ತಾನದ ಶಿಬಿರಗಳಿಗೆ ಬಂದರು. ಮನೆಮನೆಯಲ್ಲಿ ಸಾವಾಗಿದೆ, ಇದು ಶೋಕದ ಕಾಲ ಎಂದು ಅಲ್ಲಿ ಸೋವಿಯತ್ ಸೇನೆಯ ವಿರುದ್ಧ ಕಾದುತ್ತಿದ್ದ ಮುಜಾಹಿದೀನ್ ನಾಯಕರೂ ಮುಲ್ಲಾಗಳೂ ಸಂಗೀತ ನಿಲ್ಲಿಸಿದರು. ಶೋಕಕ್ಕೆ ಇಷ್ಟು ದಿನ ಎಂಬ ಲೆಕ್ಕವಿರುತ್ತದೆ, ಈ ಶೋಕಕ್ಕೆ ಮಾತ್ರ ಕೊನೆ ಇರಲಿಲ್ಲ. 1992ರಲ್ಲಿ ಕಾಬೂಲ್ ಹಿಡಿದ ಮುಜಾಹಿದೀನ್ ಸರ್ಕಾರ ಅದನ್ನೇ ನಗರಕ್ಕೆ ತಂದು ವಾದನಕ್ಕೆ ಕಡಿವಾಣ ಹಾಕಿತು. ಬಣಗಳ ಕಾದಾಟದಲ್ಲಿ ಖರಾಬಾತ್ ಬೀದಿ ಕಲ್ಲುಮಣ್ಣಿನ ರಾಶಿಯಾಯಿತು. 1996ರ ಹೊತ್ತಿಗೆ ಅರ್ಧ ಕೆಲಸ ಮುಗಿದೇ ಇತ್ತು. ತಾಲಿಬಾನ್ ಪೂರ್ತಿ ನಿಷೇಧ ಹೇರಿತು. ಕಿತ್ತ ಕ್ಯಾಸೆಟ್ ಟೇಪುಗಳು ತನಿಖಾ ಠಾಣೆಯ ಕಂಬಗಳಲ್ಲಿ ಗಾಳಿಗೆ ತೂಗಾಡಿದವು. ಧರ್ಮವನ್ನೂ ಹೋರಾಟವನ್ನೂ ಹೊಗಳುವ, ವಾದ್ಯವಿಲ್ಲದ ತರಾನಾ ಹಾಡಿಗೆ ಮಾತ್ರ ಅವಕಾಶ. ಆ ತರಾನಾಗಳ ಧಾಟಿಗಳು ಎಷ್ಟೋ ಸಲ ಹಳೆಯ ಪಶ್ತೂನ್ ಜನಪದ ಹಾಡುಗಳವೇ. ತಂತಿ ಕಿತ್ತರೂ ರಾಗ ಬಿಡಲಾಗಲಿಲ್ಲ.

ಗಡಿಯ ಈಚೆ, ಪಾಕಿಸ್ತಾನದಲ್ಲೂ ನೆಮ್ಮದಿಯಿರಲಿಲ್ಲ. ಪೆಶಾವರದ ಡಬ್ಗರಿ ಬಜಾರಿನಲ್ಲಿ ಮಹಡಿ ಕೋಣೆಗಳಿಗೆ ಫಲಕ ಹಾಕಿ ಮದುವೆಗೆ ಮೇಳ ಒಪ್ಪಿಸುವ ವಾದಕರಿದ್ದರು. 2002ರಲ್ಲಿ ಧಾರ್ಮಿಕ ಪಕ್ಷಗಳ ಕೂಟ ಪ್ರಾಂತ್ಯದ ಅಧಿಕಾರಕ್ಕೆ ಬಂದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು, ನಗರದ ಸಭಾಂಗಣ ನಿಶ್ತರ್ ಹಾಲ್ ಸಂಗೀತ ಕಛೇರಿಗಳಿಗೆ ಮುಚ್ಚಿತು. ಬಂದೂಕಿನಿಂದಲ್ಲ, ಚುನಾವಣೆಯಲ್ಲಿ ಗೆದ್ದು ಬಂದವರ ಆಡಳಿತದಲ್ಲಿ ನಡೆದದ್ದಿದು. ಆಮೇಲೆ ಪಾಕಿಸ್ತಾನಿ ತಾಲಿಬಾನ್ ಉಗ್ರರ ಬಂದೂಕೂ ಬಂತು: ಸ್ವಾತ್ ಕಣಿವೆಯ ಮಿಂಗೋರಾದಲ್ಲಿ ಕಲಾವಿದರ ಕೇರಿ ಬನ್ಡ್ ಖಾಲಿಯಾಯಿತು, 2009ರ ಜನವರಿಯಲ್ಲಿ ಅಲ್ಲಿಯ ನರ್ತಕಿಯೊಬ್ಬಳನ್ನು ಕೊಂದರು. ಅದೇ ಮಾರ್ಚ್‌ನಲ್ಲಿ ಪೆಶಾವರದ ಹೊರವಲಯದಲ್ಲಿ, ಪಶ್ತೋ ಜನ ಎದೆಗಿಟ್ಟುಕೊಂಡ ಸೂಫಿ ಕವಿ ರಹಮಾನ್ ಬಾಬಾನ ಗೋರಿಗೆ ಬಾಂಬ್ ಇಟ್ಟರು.

ತಾಲಿಬಾನ್ ಮತ್ತೆ ಕಾಬೂಲ್ ಹಿಡಿದ 2021ರ ಆಗಸ್ಟ್ 15ರ ನಂತರದ್ದು ಈಚಿನ ಸುದ್ದಿ. 2010ರಲ್ಲಿ ತೆರೆದಿದ್ದ ಅಫ್ಘಾನ್ ರಾಷ್ಟ್ರೀಯ ಸಂಗೀತ ಶಾಲೆಯ ವಿದ್ಯಾರ್ಥಿಗಳು, ಶಿಕ್ಷಕರು 2021ರ ಕೊನೆಗೆ ಪೋರ್ಚುಗಲ್ ಸೇರಿದರು. 2023ರ ಜುಲೈನಲ್ಲಿ ಹೆರಾತ್‌ನಲ್ಲಿ ವಾದ್ಯಗಳ ರಾಶಿಗೆ ಬೆಂಕಿ ಇಟ್ಟರು. 2024ರ ಆಗಸ್ಟ್‌ನಲ್ಲಿ 35 ಕಲಮುಗಳ ಸದಾಚಾರ ಕಾನೂನು ಬಂದು, ವಾಹನದಲ್ಲಿ ಹಾಡು ಹಾಕುವುದೂ ಅಪರಾಧವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಯುನೆಸ್ಕೊ ರಬಾಬ್ ತಯಾರಿಕೆ ಮತ್ತು ವಾದನ ಕಲೆಯನ್ನು ಅಫ್ಘಾನಿಸ್ತಾನ, ಇರಾನ್, ತಜಿಕಿಸ್ತಾನ, ಉಜ್ಬೆಕಿಸ್ತಾನಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪೆಶಾವರವೂ ಸ್ವಾತ್ ಕೂಡ ಇರುವ ಪಾಕಿಸ್ತಾನದ ಹೆಸರು ಅದರಲ್ಲಿಲ್ಲ.

ಬಚ್ಚಿಟ್ಟ ರಬಾಬ್‌ಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ತಂತಿ ಬಿಗಿಯಾಗಿದ್ದ ಹಾಗೆಯೇ ಇಟ್ಟರೆ ಕುದುರೆ ಚರ್ಮವನ್ನು ಒತ್ತಿ ಒತ್ತಿ ಗುಳಿ ಮಾಡುತ್ತದೆ. ಬೇಕಾದಷ್ಟು ಸಡಿಲಿಸಿ, ಕುದುರೆಯನ್ನು ಮಲಗಿಸಿ, ಬಟ್ಟೆ ಸುತ್ತಿಟ್ಟರೆ ಚರ್ಮ ಹೆಚ್ಚು ಕಾಲ ಬಾಳುತ್ತದೆ. ತೇವದ ನೆಲಮಾಳಿಗೆಯಾದರೆ ಚರ್ಮ ಜೋತು ದನಿ ಮಂಕಾಗುತ್ತದೆ, ಅಂಟು ಬಿಡುತ್ತದೆ, ತರಬ್ ತಂತಿಗಳಿಗೆ ತುಕ್ಕು ಹಿಡಿಯುತ್ತದೆ. ಒಲೆಯ ಹತ್ತಿರದ ಗೋಡೆಯೊಳಗಾದರೆ ಚರ್ಮ ಬಿಗಿದು ಅಂಚಿನಲ್ಲಿ ಹರಿಯುತ್ತದೆ. ಚರ್ಮ, ತಂತಿ ಎರಡನ್ನೂ ಹೊಸದಾಗಿ ಹಾಕಬಹುದು, ಅದೇನೂ ದೊಡ್ಡ ಕೆಲಸವಲ್ಲ. ಮರ ಸೀಳಿರದಿದ್ದರೆ ವಾದ್ಯ ಮತ್ತೆ ಹಾಡುತ್ತದೆ. ಆದರೆ ಹೊಸ ಚರ್ಮ ಎಷ್ಟು ಬಿಗಿದರೆ ಸಾಕೆಂದು ಬೆರಳಲ್ಲಿ ತಟ್ಟಿ ತಿಳಿಯಬಲ್ಲ ಕೈ ಹತ್ತಿರದಲ್ಲಿ ಇರಬೇಕು. ಕಾಬೂಲಿನಲ್ಲಿ ಆ ಕೈಗಳು ಈಗ ಬೇರೆ ಮರಗೆಲಸ ಹುಡುಕಿಕೊಳ್ಳಬೇಕಾಗಿದೆ.