ಕತ್ತಲೆ ಕೋಣೆಯ ಗೋಡೆ ಮೇಲೆ ತಲೆಕೆಳಗಾದ ಅಂಗಳ: ನೆರಳಿನಿಂದ ಮರೆಯಲ್ಲಿರುವುದು ಕಾಣುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಹಳೇ ಹಂಚಿನ ಮನೆ. ಬಿಸಿಲೇರಿದ ಮೇಲೆ ಒಳಕೋಣೆಯ ಕಿಟಕಿ, ಬಾಗಿಲು ಎಲ್ಲ ಮುಚ್ಚಿದರೆ, ಕಿಟಕಿಯ ಹಲಗೆಯಲ್ಲಿರುವ ಸಣ್ಣ ತೂತಿನಿಂದ ಬೆಳಕು ಬಂದು ಅಂಗಳದಲ್ಲಿ ಓಡಾಡುವವರು ಗೋಡೆ ಮೇಲೆ ತಲೆಕೆಳಗಾಗಿ ಕಾಣುತ್ತಾರೆ. ಇದು ಹೇಗೆ? ನೆರಳು ನೋಡಿ ಮರೆಯಲ್ಲಿರುವವರನ್ನು ಪತ್ತೆ ಮಾಡುವ ಕ್ಯಾಮೆರಾ ಬಂದಿದೆಯಂತೆ, ಅದೂ ನಿಜವಾ?

ಎರಡೂ ನಿಜ. ಎರಡರ ಹಿಂದಿರುವ ವಿಚಾರವೂ ಒಂದೇ.

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ತುಳಸಿಕಟ್ಟೆ, ಹೋಗಿ ಬರುವ ಜನ, ಎಲ್ಲದರ ಮೇಲೂ ಬಿದ್ದ ಬಿಸಿಲು ಎಲ್ಲ ದಿಕ್ಕಿಗೂ ಚೆಲ್ಲುತ್ತಿರುತ್ತದೆ. ಕಿಟಕಿ ಪೂರ್ತಿ ತೆರೆದಿದ್ದರೆ ಗೋಡೆಯ ಒಂದೊಂದು ಚುಕ್ಕೆಗೂ ಇವೆಲ್ಲದರ ಬೆಳಕೂ ಬರುತ್ತದೆ. ಎಲ್ಲ ಬೆರೆತು ಗೋಡೆ ಸುಮ್ನೆ ಬೆಳ್ಳಗೆ ಕಾಣುತ್ತದೆ. ತೂತು ಸಣ್ಣದಾದರೆ ಆ ಬೆರಕೆ ಇಲ್ಲ. ಬೆಳಕು ನೇರವಾಗಿ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬಂದು ಬೀಳುತ್ತದೆ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರ ತಲೆಕೆಳಗಾಗಿ ಕಾಣುತ್ತದಲ್ವಾ, ಅದೂ ಇದೇ.

ಸೋಗೆ ಚಪ್ಪರದ ಕೆಳಗೆ ಬೀಳುವ ಬೆಳಕಿನ ಬಿಲ್ಲೆಗಳನ್ನು ಒಮ್ಮೆ ಗಮನಿಸಿ. ಸೋಗೆಯ ಸಂದುಗಳು ಒಂದೊಂದೂ ಒಂದೊಂದು ಆಕಾರ. ಬಿಲ್ಲೆಗಳು ಮಾತ್ರ ದುಂಡಗೆ, ಯಾಕೆಂದರೆ ಪ್ರತಿಯೊಂದೂ ಸೂರ್ಯನ ಚಿತ್ರ. ಸಂದಿನಿಂದ ನೆಲಕ್ಕೆ ಬಿಸಿಲು 3 ಮೀಟರ್ ಸಾಗಿ ಬಂದರೆ ಬಿಲ್ಲೆ ಸುಮಾರು 3 ಸೆಂ.ಮೀ. ಅಗಲ ಇರುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣ ಹಿಡಿದಾಗ ಮರದಡಿಯ ಬಿಲ್ಲೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಆವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತವರು ಎಂಥಾ ಚಂದದ ನೋಟ ತಪ್ಪಿಸಿಕೊಂಡರು!

ಇನ್ನು ಎರಡನೇ ಪ್ರಶ್ನೆ. ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕ ಆಂಟೋನಿಯೊ ಟೊರಾಲ್ಬಾ ಸ್ಪೇನ್‌ನಲ್ಲಿ ರಜೆ ಕಳೆಯುತ್ತಿದ್ದಾಗ, ಹೋಟೆಲ್ ಕೋಣೆಯ ಗೋಡೆ ಮೇಲೆ ಯಾವ ವಸ್ತುವಿನದೂ ಅಲ್ಲದ ನೆರಳುಗಳನ್ನು ಕಂಡರು. ಅದು ಹೊರಗಿನ ಅಂಗಳದ ಮಸುಕು ಚಿತ್ರವಾಗಿತ್ತು. ನಿಮ್ಮ ಮನೆಯ ಕಥೆಯೇ. ಅವರು ಮತ್ತು ಎಂಐಟಿಯವರೇ ಆದ ವಿಲಿಯಂ ಫ್ರೀಮನ್ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೂತೇ ಬೇಕಿಲ್ಲ, ಅಡ್ಡ ಬರುವ ವಸ್ತು ಇದ್ದರೂ ಸಾಕು ಅಂತ ತೋರಿಸಿದರು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ತೆರೆದ ಕಿಟಕಿಯಲ್ಲಿ ಒಬ್ಬರು ಬಂದು ನಿಂತರೆ ಅಷ್ಟು ಜಾಗದಿಂದ ಬರುವ ಬೆಳಕು ನಿಲ್ಲುತ್ತದೆ. ಅವರು ಇಲ್ಲದಾಗಿನ ಗೋಡೆಯ ಫೋಟೋದಿಂದ ಅವರು ಇದ್ದಾಗಿನ ಫೋಟೋವನ್ನು ಕಂಪ್ಯೂಟರಿನಲ್ಲಿ ಚುಕ್ಕೆಗೆ ಚುಕ್ಕೆ ಕಳೆಯಿರಿ. ಉಳಿಯುವುದು ಅವರು ತಡೆದ ಬೆಳಕು ಮಾತ್ರ, ಅಂದರೆ ಅವರಷ್ಟೇ ದೊಡ್ಡ ತೂತು ಇದ್ದಿದ್ದರೆ ಮೂಡುತ್ತಿದ್ದ ಚಿತ್ರ. ಗೋಡೆ ಮೇಲೆ ಚಿತ್ರ ಮೊದಲಿಂದಲೂ ಇತ್ತು. ಬೇರೆ ಮಾಡುವ ದಾರಿ ಸಿಕ್ಕಿರಲಿಲ್ಲ, ಅಷ್ಟೇ.

2017ರಲ್ಲಿ ಕೇಟಿ ಬೌಮನ್ ಮತ್ತು ಜೊತೆಗಾರರು ಗೋಡೆಯ ಮೂಲೆಯನ್ನೇ ಕ್ಯಾಮೆರಾ ಮಾಡಿದರು. ಬ್ಲ್ಯಾಕ್ ಹೋಲ್ ಚಿತ್ರದ ತಂಡದಲ್ಲಿದ್ದರಲ್ಲ, ಅವರೇ. ಜಗುಲಿಯ ಮೂಲೆ ನೆನಪಿಸಿಕೊಳ್ಳಿ. ಮೂಲೆಯ ಬುಡದ ನೆಲದಲ್ಲಿ ಗೋಡೆಗೆ ಒತ್ತಿಕೊಂಡ ಜಾಗಕ್ಕೆ ಆಚೆ ಬದಿಯ ಬೆಳಕು ಕಡಿಮೆ, ಸ್ವಲ್ಪ ಈಚೆ ಬಂದರೆ ಇನ್ನೊಂದು ಚೂರು ಜಾಸ್ತಿ, ಹೀಗೆ ಬೀಸಣಿಗೆ ಬಿಚ್ಚಿದಂತೆ ಏರುತ್ತಾ ಹೋಗುತ್ತದೆ. ಆಚೆ ಯಾರಾದರೂ ಕೆಂಪು ಬಟ್ಟೆ ಹಾಕಿಕೊಂಡು ನಡೆದರೆ ಆ ಏರಿಳಿತದಲ್ಲಿ ಅವರ ಬಣ್ಣದ ಒಂದು ಗೆರೆ ಸರಿಯುತ್ತದೆ. ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿನಷ್ಟು, ಕಣ್ಣಿಗೆ ಕಾಣಲ್ಲ. ವಿಡಿಯೋದ ಪಿಕ್ಸೆಲ್‌ಗಳನ್ನು, ಅಂದರೆ ಚಿತ್ರದ ಚುಕ್ಕೆಗಳನ್ನು, ಒಟ್ಟು ಮಾಡಿ ಲೆಕ್ಕ ಹಾಕಿದರೆ ಎಷ್ಟು ಜನ, ಯಾವ ಕಡೆ ಹೋದರು ಅಂತ ಗೊತ್ತಾಗುತ್ತದೆ. ಮುಖ ಗೊತ್ತಾಗಲ್ಲ. ಹಾಗಾಗಿ ಪಕ್ಕದ ಮನೆಯವರು ನೆರಳು ಹಿಡಿದು ನಿಮ್ಮನ್ನು ನೋಡಿಬಿಡುತ್ತಾರೆ ಅಂತ ಈಗಲೇ ಹೆದರಬೇಡಿ. ನಮ್ಮ ಕೆಂಪು ಗಾರೆ ನೆಲದಲ್ಲಂತೂ ಕಷ್ಟ, ಅದು ನೀಲಿ, ಹಸಿರು ಬೆಳಕನ್ನು ನುಂಗಿಬಿಡುತ್ತದೆ. ಲೇಸರ್ ಮಿಂಚಿಸಿ, ಬೆಳಕು ವಾಪಸ್ ಬರುವ ಸಮಯ ಅಳೆದು ಆಚೆಯ ವಸ್ತುವಿನ ಆಕಾರ ತೆಗೆಯುವ ವಿಧಾನವೂ ಇದೆ, ಆದರೆ ಅದಕ್ಕೆ ದುಬಾರಿ ಉಪಕರಣ ಬೇಕು.

ಇದರಿಂದ ಉಪಯೋಗ? ಆಗುಂಬೆ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಹೇಳಬೇಕಿಲ್ಲ. ತಿರುವಿನಾಚೆ ಬರುವ ಬಸ್ಸು ಕಾಣುವ ಮೊದಲೇ ಅದರ ಬೆಳಕು ಎದುರಿನ ಬರೆ ಮೇಲೆ ಬೀಳುತ್ತದೆ, ನೀವು ಬ್ರೇಕ್ ಮೇಲೆ ಕಾಲಿಡುತ್ತೀರಿ. ಹಗಲಲ್ಲಿ ಆ ಸುಳಿವು ಕಣ್ಣಿಗೆ ಸಿಗದಷ್ಟು ಸಣ್ಣದು. 2019ರಲ್ಲಿ ಎಂಐಟಿಯವರು ನೆಲದ ಮೇಲಿನ ನೆರಳಿನ ಬದಲಾವಣೆ ನೋಡಿಯೇ ಮೂಲೆಯಾಚೆ ಬರುವ ಕಾರನ್ನು ಗುರುತಿಸುವ ವ್ಯವಸ್ಥೆಯನ್ನು ಪಾರ್ಕಿಂಗ್ ಕಟ್ಟಡದಲ್ಲಿ ಪರೀಕ್ಷಿಸಿದರು. ಅದು ಲೈಡಾರ್‌ಗಿಂತ (ಲೇಸರ್ ಬಿಟ್ಟು ಎದುರಿನ ವಸ್ತು ಎಷ್ಟು ದೂರ ಅಂತ ಅಳೆಯುವ ಉಪಕರಣ) ಅರ್ಧ ಸೆಕೆಂಡಿಗೂ ಹೆಚ್ಚು ಮೊದಲೇ ಎಚ್ಚರಿಸಿತು. ಮಳೆ, ಮಂಜಿನ ನಮ್ಮ ಘಾಟಿಗೆ ಇದು ಬರೋಕೆ ಇನ್ನೂ ತುಂಬಾ ಕೆಲಸ ಇದೆ. ಆದರೂ ಬರಲೇಬೇಕು ಅಂತ ನನ್ನ ಆಸೆ.

ಫೋಟೋದಿಂದ ಫೋಟೋ ಕಳೆಯುವ ಆ ಪ್ರಯೋಗವನ್ನು ನೀವು ಮನೆಯಲ್ಲೇ ಮಾಡಿ ನೋಡಬೇಕೆಂದರೆ ಮೋಡ ಇಲ್ಲದ ದಿನ ಆರಿಸಿಕೊಳ್ಳಿ. ಮೋಡ ಸರಿದರೆ ಎರಡು ಫೋಟೋಗಳ ಬೆಳಕೇ ಬೇರೆಯಾಗಿ ಲೆಕ್ಕ ಕೆಡುತ್ತದೆ. ಸುಣ್ಣ ಹೊಡೆದ ಗೋಡೆ ಒಳ್ಳೆಯದು. ಫೋನನ್ನು ಅಲುಗಾಡದಂತೆ ಸ್ಟ್ಯಾಂಡಿಗೆ ಹಾಕಿ, ಎಕ್ಸ್‌ಪೋಶರ್ ಲಾಕ್ ಮಾಡಿ, ಅಂದರೆ ಫೋನು ತಾನಾಗಿ ಬೆಳಕು ಹೆಚ್ಚು ಕಡಿಮೆ ಮಾಡದಂತೆ ನೋಡಿಕೊಳ್ಳಿ. ಸಣ್ಣ ಕಿಟಕಿ ತೆರೆದು ಗೋಡೆಯ ಹತ್ತಾರು ಫೋಟೋ ತೆಗೆಯಿರಿ, ಆಮೇಲೆ ಕಿಟಕಿಯ ನಡುವೆ ಒಂದು ಚೆಂಡು ನೇತು ಹಾಕಿ ಅಷ್ಟೇ ಫೋಟೋ. ಕಂಪ್ಯೂಟರಿನಲ್ಲಿ ಎರಡೂ ಗುಂಪಿನ ಸರಾಸರಿ ತೆಗೆದು ಚೆಂಡಿಲ್ಲದ್ದರಿಂದ ಚೆಂಡಿರುವುದನ್ನು ಕಳೆಯಿರಿ, ಬ್ರೈಟ್‌ನೆಸ್ ಚೆನ್ನಾಗಿ ಏರಿಸಿ, ತಲೆಕೆಳಗು ಮಾಡಿ. ಚೆಂಡು ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಮಂಕು. ಮೊದಲಿಗೆ ದೊಡ್ಡ ಚೆಂಡಿನಿಂದಲೇ ಶುರು ಮಾಡಿ.