ಸೀಸ ಕರಗಿಸುವವರ ಕೈಗಂಟಿದ ಧೂಳು

ಪಿಸ್ತೂಲಿನ ಗುರಿ ಅಭ್ಯಾಸದಲ್ಲಿ ಆಸಕ್ತಿಯುಳ್ಳವರು ವೈದ್ಯನಾದ ನನ್ನನ್ನು ಕೇಳುವುದು ಹೆಚ್ಚಾಗಿ ಸೀಸ ಕರಗಿಸುವಾಗ ಏಳುವ ಹೊಗೆಯ ಕುರಿತು. ಅಮೆರಿಕದಲ್ಲಿ ಹವ್ಯಾಸಿಗಳು ಸೀಸ ಕರಗಿಸಿ, ಅಚ್ಚಿನಲ್ಲಿ ಗುಂಡು ಎರೆದು, ಬಳಸಿದ ಕಾಡತೂಸುಗಳಿಗೆ ಮತ್ತೆ ಮದ್ದು ತುಂಬುವುದನ್ನು ಅವರು ವಿಡಿಯೊಗಳಲ್ಲಿ ನೋಡಿರುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಆದ್ದರಿಂದ ಆ ಕೆಲಸದ ವಿಧಾನಕ್ಕೆ ನಾನು ಹೋಗುವುದಿಲ್ಲ. ಆದರೆ ಸೀಸ ಕರಗಿಸುವುದು ಕೊಪ್ಪಳದ ಕಡೆಗೆ ಅಪರಿಚಿತವೇನಲ್ಲ. ಮುನಿರಾಬಾದಿನ ಆಸುಪಾಸು, ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಬಲೆ ಬೀಸುವವರು ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಾರೆ, ಕೆಲವರು ಅದನ್ನು ಮನೆಯಂಗಳದಲ್ಲೇ ಎರೆದುಕೊಳ್ಳುತ್ತಾರೆ. ಇಬ್ಬರಿಗೂ ಎದುರಾಗುವ ವಿಷ ಒಂದೇ.

ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕುದಿಯುವುದು 1,700 ಡಿಗ್ರಿ ದಾಟಿದ ಮೇಲೆ. ಎರಕದ ಸಾಮಾನ್ಯ ಶಾಖದಲ್ಲಿ ಅದರಿಂದ ಏಳುವ ಆವಿ ಅತ್ಯಲ್ಪ. ಕಣ್ಣಿಗೆ ಕಾಣುವ ಹೊಗೆ ಬಹುಪಾಲು ಮೇಣ, ಎಣ್ಣೆ, ಕೊಳೆಯದ್ದು. ನಿಜವಾದ ಅಪಾಯವಿರುವುದು ಮೇಲೆ ತೇಲುವ ಕಿಟ್ಟದಲ್ಲಿ. ಗಾಳಿಯೊಡನೆ ಬೆರೆತು ಆಕ್ಸೈಡ್ ಆದ ಈ ಬೂದುಬಣ್ಣದ ಪುಡಿಯನ್ನು ಕೆರೆದು ಪಕ್ಕಕ್ಕೆ ಸುರಿಯುವಾಗ ಅದು ಬೆರಳು, ಅಂಗಿ, ನೆಲಗಳಿಗೆ ಹತ್ತುತ್ತದೆ, ಅಲ್ಲಿಂದ ಬೀಡಿಯ ಮೂಲಕವೋ ರೊಟ್ಟಿಯ ಮೂಲಕವೋ ಬಾಯಿಗೆ ಸೇರುತ್ತದೆ.

ಶೂಟಿಂಗ್ ರೇಂಜಿನಲ್ಲಿ ಇದಕ್ಕೆ ಇನ್ನೊಂದು ಮೂಲವಿದೆ. ಕಾಡತೂಸಿನ ಮದ್ದಿಗೆ ಕಿಡಿ ಹೊತ್ತಿಸುವ ಭಾಗವಾದ ಪ್ರೈಮರಿನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಾದ ಲೆಡ್ ಸ್ಟಿಫ್ನೇಟ್ ಇರುತ್ತದೆ. ಗುಂಡು ಹಾರಿದಾಗ ಅದು ಸಿಡಿದು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸೂಕ್ಷ್ಮವಾದ ಕಣವಾಗುತ್ತದೆ. ಗಾಳಿಯಾಡದ ಒಳಾಂಗಣದಲ್ಲಿ ನಿತ್ಯ ಅಭ್ಯಾಸ ಮಾಡುವವರ ಬಗ್ಗೆ, ಅದಕ್ಕಿಂತಲೂ ಅಲ್ಲಿ ಕಸ ಗುಡಿಸುವ ಸಿಬ್ಬಂದಿಯ ಬಗ್ಗೆ ನನಗೆ ಹೆಚ್ಚು ಕಳವಳ. ಅಂಥಲ್ಲಿ ಒಣ ಪೊರಕೆ ಹಿಡಿಯಲೇಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ನುಂಗಿದ ಸೀಸದಲ್ಲಿ ವಯಸ್ಕರ ದೇಹ ಹೀರುವುದು ಹತ್ತರಲ್ಲಿ ಒಂದು ಪಾಲಿನಷ್ಟಾದರೆ, ಚಿಕ್ಕ ಮಕ್ಕಳ ದೇಹ ಅರ್ಧದಷ್ಟನ್ನು ಹೀರಬಲ್ಲದು. ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನೆತ್ತಿಕೊಳ್ಳುವ ತಂದೆಗೆ ನಾನು ಮೊದಲು ಹೇಳುವುದು ಇದನ್ನೇ. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದೇ ಬಗೆದು ಎಲುಬಿನಲ್ಲಿ ಕೂಡಿಡುತ್ತದೆ, ಅಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಗರ್ಭಿಣಿಯ ಎಲುಬಿನಿಂದ ಹೊರಬಂದು ಹೊಟ್ಟೆಯಲ್ಲಿರುವ ಕೂಸನ್ನೂ ತಲುಪುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸುಸ್ತು ಇವೇ ಲಕ್ಷಣಗಳಾದ್ದರಿಂದ, ರೋಗಿ ತಾನಾಗಿ ತನ್ನ ಕೆಲಸ ಹೇಳದಿದ್ದರೆ ವೈದ್ಯರು ಅದನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳುವ ಸಂಭವ ಬಹಳ.

ರಕ್ತ ಪರೀಕ್ಷೆಯೊಂದೇ ಇದನ್ನು ಖಚಿತಪಡಿಸುತ್ತದೆ. ಪ್ರತಿ ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡರೆ ಮೂಲವನ್ನು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ. ಸೀಸವನ್ನು ಹೊರಹಾಕುವ ಔಷಧಗಳಿವೆ, ಆದರೆ ಮೂಲ ನಿಲ್ಲದೆ ಅವು ಫಲಿಸವು.

ಎರಕ ಹೊಯ್ಯಲೇಬೇಕಾದವರು ಅದನ್ನು ಬಯಲಿನಲ್ಲಿ, ಅಡುಗೆಗೆ ಎಂದೂ ಬಳಸದ ಪಾತ್ರೆಯಲ್ಲಿ, ಮಕ್ಕಳಿಂದ ದೂರದಲ್ಲಿ ಮಾಡಬೇಕು. ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಆವಿಯಾಗಿ ಸಿಡಿದು ಮುಖ ಸುಡುತ್ತದೆ. ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು, ತಿಪ್ಪೆಗೆ ಹಾಕಬಾರದು. ಹಳೆಯ ಬ್ಯಾಟರಿಯ ತಟ್ಟೆಗಳನ್ನಂತೂ ಮನೆಯಲ್ಲಿ ಕರಗಿಸಲೇಬಾರದು: ಅವುಗಳಲ್ಲಿ ಆಮ್ಲವೂ ಸೀಸದ ಪುಡಿಯೂ ಇರುತ್ತವೆ, ಆಂಟಿಮನಿ, ಆರ್ಸೆನಿಕ್‌ಗಳೂ ಬೆರೆತಿರಬಹುದು, ಆ ಕಿಟ್ಟಕ್ಕೆ ತೇವ ತಗುಲಿದರೆ ಪ್ರಾಣಾಂತಕ ಅನಿಲ ಹೊರಡಬಲ್ಲದು.